ಮೊದಲ ಬೆಟ್ಟದ ರೇಸ್: ಏರಿನಲ್ಲಿ ನಡೆದರೆ ಪರವಾಗಿಲ್ವಾ? ಇಳಿಯುವ ಭಯ ಹೇಗೆ ಹೋಗುತ್ತದೆ?

ಹೊಸಹೆಜ್ಜೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ರಸ್ತೆ ಮೇಲೆ ಓಡುವವನು. ಹಾಫ್ ಮ್ಯಾರಥಾನ್ ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತೇನೆ, ಫುಲ್ ಕೂಡ ಓಡಿದ್ದೇನೆ. ಈಗ ಮೊದಲ ಸಲ ಬೆಟ್ಟದ ರೇಸಿಗೆ ಹೆಸರು ಕೊಟ್ಟಿದ್ದೇನೆ. 30 ಕಿಲೋಮೀಟರ್, ಒಟ್ಟು ಏರು 1,800 ಮೀಟರ್, ಅಷ್ಟೇ ಇಳಿತ. ಕಟ್ ಆಫ್, ಅಂದರೆ ಮುಗಿಸಲೇಬೇಕಾದ ಸಮಯ, 8 ಗಂಟೆ. ಇನ್ನೂ ಮೂರು ತಿಂಗಳು ಇದೆ.

ಬೆಟ್ಟದ ಕಾಲುದಾರಿಯಲ್ಲಿ ಅಭ್ಯಾಸ ಶುರು ಮಾಡಿದಾಗಿನಿಂದ ನನ್ನ ಲೆಕ್ಕವೆಲ್ಲ ತಲೆಕೆಳಗಾಗಿದೆ. ರಸ್ತೆಯಲ್ಲಿ ಕಿಲೋಮೀಟರಿಗೆ ಆರೂವರೆ ನಿಮಿಷದಂತೆ ಮಾತಾಡಿಕೊಂಡೇ ಓಡುತ್ತೇನೆ. ಅದೇ ಏರಿನಲ್ಲಿ ಹದಿನೈದು ನಿಮಿಷ ಹಿಡಿಯುತ್ತದೆ, ಅದೂ ಎದೆಬಡಿತ ಕಿವಿಗೆ ಕೇಳಿಸುತ್ತಿರುತ್ತದೆ. ಸ್ವಲ್ಪ ದೂರ ಓಡುವುದು, ಏದುಸಿರು ಬಿಡುತ್ತಾ ನಿಲ್ಲುವುದು, ಮತ್ತೆ ಓಡುವುದು, ಹೀಗೇ ಆಗುತ್ತಿದೆ. ನಡೆದುಬಿಡೋಣ ಅನಿಸುತ್ತದೆ, ಆದರೆ ಓಟದ ರೇಸಿಗೆ ಹೋಗಿ ನಡೆಯುವುದು ಹೇಗೆ ಅಂತ ಮನಸ್ಸು ಒಪ್ಪುವುದಿಲ್ಲ.

ಇಳಿಜಾರಂತೂ ಇನ್ನೂ ಕಷ್ಟ. ಸಡಿಲ ಕಲ್ಲು ನೋಡಿದ ತಕ್ಷಣ ಮೈ ಬಿಗಿಯಾಗುತ್ತದೆ. ಬೇರೆಯವರು ಪಕ್ಕದಲ್ಲೇ ಸರಸರ ಇಳಿದು ಹೋಗುತ್ತಾರೆ, ನಾನು ಒಂದೊಂದೇ ಹೆಜ್ಜೆ ಇಡುತ್ತಾ ಬ್ರೇಕ್ ಹಾಕಿಕೊಂಡು ಇಳಿಯುತ್ತೇನೆ. ಮರುದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ, ತೊಡೆ ಅಷ್ಟು ನೋಯುತ್ತದೆ.

ಇನ್ನೊಂದು ವಿಷಯ. ಆಯೋಜಕರು ಕಳಿಸಿದ ಕಡ್ಡಾಯ ಸಾಮಾನುಗಳ ಪಟ್ಟಿಯಲ್ಲಿ ಮಳೆ ಜಾಕೆಟ್, ಸೀಟಿ, ಸರ್ವೈವಲ್ ಬ್ಲ್ಯಾಂಕೆಟ್ (ಮೈ ಬಿಸಿ ಉಳಿಸುವ ತೆಳು ಹಾಳೆ), ಹೆಡ್ ಲ್ಯಾಂಪ್, ಒಂದು ಲೀಟರ್ ನೀರು ಎಲ್ಲಾ ಇವೆ. ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ಮುಗಿಯುವ ರೇಸಿಗೆ ಇದೆಲ್ಲ ಹೊರಬೇಕಾ? ಮತ್ತೆ, ಇಷ್ಟೆಲ್ಲ ಕಷ್ಟ ಇದ್ದರೂ ನೀವೆಲ್ಲ ಮತ್ತೆ ಮತ್ತೆ ಬೆಟ್ಟಕ್ಕೇ ಹೋಗುತ್ತೀರಲ್ಲ, ಅದರಲ್ಲಿ ಏನು ಸಿಗುತ್ತದೆ ಅಂತ ನಿಜವಾಗಿಯೂ ತಿಳಿಯುವ ಆಸೆ.

---

ಏರುದಾರಿ:

ನಡೆಯಿರಿ. ಧೈರ್ಯವಾಗಿ ನಡೆಯಿರಿ. ಬೆಟ್ಟದ ರೇಸಿನಲ್ಲಿ ಗೆಲ್ಲುವವರೂ ನಡೆಯುತ್ತಾರೆ. ಯುರೋಪಿನ ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ ಯುಟಿಎಂಬಿ ರೇಸ್ ಇದೆಯಲ್ಲ, ಸುಮಾರು 170 ಕಿಲೋಮೀಟರ್ ದೂರ, 10,000 ಮೀಟರಿನಷ್ಟು ಏರು. 2022ರಲ್ಲಿ ಸ್ಪೇನಿನ ಓಟಗಾರ ಕಿಲಿಯನ್ ಜೋರ್ನೆಟ್ ಅದನ್ನು 20 ಗಂಟೆಯೊಳಗೆ ಮುಗಿಸಿ ಗೆದ್ದರು. ಕಡಿದಾದ ಏರು ಬಂದರೆ ಅವರೂ ಕೈಯನ್ನು ತೊಡೆಗೆ ಊರಿ ನಡೆಯುತ್ತಾರೆ. ಅವರಿಗೆ ಇಲ್ಲದ ಸಂಕೋಚ ನಿಮಗೆ ಯಾಕೆ?

ಇದು ಬರೀ ಸುಸ್ತಿನ ಮಾತಲ್ಲ. ಟ್ರೆಡ್‌ಮಿಲ್ ಓರೆ ಮಾಡಿ ಅಳೆದು ನೋಡಿದ್ದಾರೆ. ಸುಮಾರು 15 ಡಿಗ್ರಿಗಿಂತ ಕಡಿದಾದ ಏರಿನಲ್ಲಿ ಅಷ್ಟೇ ಹೊತ್ತಿನಲ್ಲಿ ಅಷ್ಟೇ ಎತ್ತರ ಏರಲು ಓಟಕ್ಕಿಂತ ನಡಿಗೆಗೆ ಕಡಿಮೆ ಶಕ್ತಿ ಸಾಕು. ಅಂದರೆ ನೀವು ಓಡುತ್ತಾ ಏದುಸಿರು ಬಿಡುತ್ತಿರುವಾಗ ಪಕ್ಕದವರು ನಡೆದುಕೊಂಡೇ ನಿಮ್ಮ ಜೊತೆ ಬರುತ್ತಿರುತ್ತಾರೆ, ಮೇಲೆ ತಲುಪಿದಾಗ ಅವರ ಕಾಲಲ್ಲಿ ಇನ್ನೂ ಶಕ್ತಿ ಇರುತ್ತದೆ.

ಆದರೆ ಒಂದು ಮಾತು. ನಡಿಗೆ ಅಂದರೆ ಸಂಜೆ ವಾಕಿಂಗ್ ಅಲ್ಲ. ಹೆಜ್ಜೆ ಚಿಕ್ಕದು, ಲಯ ಒಂದೇ ಸಮ. ಕೈಗಳನ್ನು ಮಂಡಿಯ ಸ್ವಲ್ಪ ಮೇಲೆ ಊರಿ ಪ್ರತಿ ಹೆಜ್ಜೆಗೂ ಒತ್ತಿ ಮೇಲೇಳಬೇಕು. ಸೊಂಟದಿಂದ ತೀರಾ ಬಗ್ಗಬೇಡಿ, ಎದೆ ಮುಚ್ಚಿಕೊಂಡು ಉಸಿರು ಕಟ್ಟುತ್ತದೆ. ಜಾಗ ಸಿಕ್ಕಲ್ಲೆಲ್ಲ ಹಿಮ್ಮಡಿ ನೆಲಕ್ಕೆ ತಾಗಲಿ. ಬರೀ ಮುಂಗಾಲಿನಲ್ಲೇ ಗಂಟೆಗಟ್ಟಲೆ ಏರಿದರೆ ಮೀನಖಂಡ ಕೈಕೊಡುತ್ತದೆ. ಏದುಸಿರು ಬಂದ ಮೇಲೆ ನಡೆಯಲು ಶುರು ಮಾಡುವುದಲ್ಲ, ಬರುವ ಮೊದಲೇ ಶುರು ಮಾಡಬೇಕು. ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ ನೋಡಿಕೊಳ್ಳಿ. ಎರಡೇ ಪದಕ್ಕೆ ನಿಂತರೆ ನಿಧಾನ ಮಾಡಿ. ನಡಿಗೆಗೂ ಬೇರೆಯಾಗಿ ಅಭ್ಯಾಸ ಬೇಕು. ಬೆಟ್ಟಕ್ಕೆ ಹೋಗಲಾಗದ ವಾರ ಮೆಟ್ಟಿಲು ಹತ್ತಿ.

ಈಗ ಕಟ್ ಆಫ್ ಲೆಕ್ಕ. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಕೊಟ್ಟರು. ಚಾರಣಿಗರು ಇವತ್ತಿಗೂ ಅದನ್ನೇ ಹಿಡಿಯುತ್ತಾರೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ರೇಸಿಗೆ 6 ಮತ್ತು 3, ಒಟ್ಟು 9 ಗಂಟೆ. ಅಂದರೆ ಪೂರ್ತಿ ನಡೆದರೆ ಕಟ್ ಆಫ್ ತಪ್ಪುತ್ತದೆ. ಆದರೆ ಏರು ನಡೆದು, ಸಮತಟ್ಟು ಮತ್ತು ಇಳಿಜಾರನ್ನು ಹದವಾಗಿ ಓಡಿದರೆ ಕೈಯಲ್ಲಿ ಸಮಯ ಉಳಿಯುತ್ತದೆ. ಟ್ರೇಲ್ ರೇಸಿನವರು, ಅಂದರೆ ಕಾಲುದಾರಿ ರೇಸಿನವರು, ಇನ್ನೊಂದು ಲೆಕ್ಕ ಹಾಕುತ್ತಾರೆ. ಪ್ರತಿ 100 ಮೀಟರ್ ಏರನ್ನು ಒಂದು ಕಿಲೋಮೀಟರ್ ಅಂತ ಕೂಡಿಸುತ್ತಾರೆ. ನಿಮ್ಮದು 30 ಕೂಡಿಸು 18, ಒಟ್ಟು 48. ಮನಸ್ಸಿನಲ್ಲಿ ಇದು 30ರ ರೇಸ್ ಅಂತ ಇದ್ದರೆ ಅದನ್ನು ಇವತ್ತೇ ತೆಗೆದುಹಾಕಿ. ಮ್ಯಾರಥಾನಿಗಿಂತ ದೊಡ್ಡ ದಿನ ಅಂತಲೇ ತಯಾರಾಗಿ. ನಿಮ್ಮ ಓಟ ನೋಡಿದರೆ ಆರರಿಂದ ಏಳು ಗಂಟೆ ಅಂತ ನನ್ನ ಅಂದಾಜು. ದಾರಿ ತುಂಬಾ ಒರಟಾಗಿದ್ದರೆ ಅದಕ್ಕೂ ಸ್ವಲ್ಪ ಜಾಸ್ತಿ.

ವಾಚಿನಲ್ಲಿ ಪೇಸ್ (ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನುವುದು) ಕಾಣಿಸುವುದನ್ನೇ ತೆಗೆದುಬಿಡಿ. ಕಳೆದ ಸಮಯ, ಏರಿದ ಎತ್ತರ, ಇವೆರಡೇ ಸಾಕು.

---

ಕಲ್ಲುಹಾದಿ:

ಏರಿನ ಬಗ್ಗೆ ಮೇಲಿನವರು ಹೇಳಿದ್ದಾರೆ. ನನಗೆ ಇಳಿತದ ಬಗ್ಗೆ ಹೇಳಲು ತುಂಬಾ ಇದೆ, ಯಾಕಂದರೆ ಹೊಸಬರ ರೇಸ್ ಕೆಡುವುದು ಏರಿನಲ್ಲಲ್ಲ, ಇಳಿತದಲ್ಲಿ. ಏರಿನಲ್ಲಿ ಸಾಕಾಗುವುದು ಉಸಿರು, ಎರಡು ನಿಮಿಷ ನಿಂತರೆ ವಾಪಸ್ ಬರುತ್ತದೆ. ಇಳಿತದಲ್ಲಿ ತೊಡೆ ಸೋತರೆ ಆ ದಿನ ಮತ್ತೆ ಸರಿಯಾಗುವುದಿಲ್ಲ.

ಮೊದಲು ಆ ನೋವು ಯಾಕೆ ಅಂತ ನೋಡೋಣ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ. ಪಾದ ನೆಲಕ್ಕೆ ಬಿದ್ದಾಗ ಮಂಡಿ ಬಾಗುತ್ತದೆ, ಸ್ನಾಯು ಅದನ್ನು ಹಿಡಿದು ನಿಲ್ಲಿಸಲು ನೋಡುತ್ತದೆ. ಅಂದರೆ ಬಿಗಿ ಹಿಡಿಯುತ್ತಿರುವಾಗಲೇ ಅದು ಉದ್ದಕ್ಕೆ ಎಳೆಯಲ್ಪಡುತ್ತದೆ. ಸಾವಿರಾರು ಹೆಜ್ಜೆ ಹೀಗೇ ಆದರೆ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಆ ನೋವು ಅವತ್ತು ಅಷ್ಟು ಗೊತ್ತಾಗುವುದಿಲ್ಲ, ಮರುದಿನ ಮತ್ತು ಅದರ ಮರುದಿನ ಜಾಸ್ತಿ. ನಿಮ್ಮ ಮೆಟ್ಟಿಲಿನ ಕಥೆ ಅದೇ.

ಒಳ್ಳೆಯ ಸುದ್ದಿ ಏನಂದರೆ ಸ್ನಾಯು ಇದನ್ನು ಬಹಳ ಬೇಗ ಕಲಿಯುತ್ತದೆ. ಒಂದು ಸಲ ಗಟ್ಟಿ ಇಳಿತ ಓಡಿ, ನೋವು ಪೂರ್ತಿ ಹೋದ ಮೇಲೆ ಮತ್ತೆ ಅಂಥದ್ದೇ ಇಳಿತ ಓಡಿ ನೋಡಿ, ಎರಡನೇ ಸಲ ನೋವು ಗಣನೀಯವಾಗಿ ಕಡಿಮೆ. ಈ ರಕ್ಷಣೆ ಕೆಲವು ವಾರ ಇರುತ್ತದೆ. ಅದಕ್ಕೇ ವಾರಕ್ಕೊಮ್ಮೆಯಾದರೂ ಇಳಿತದ ಅಭ್ಯಾಸ ಇರಲಿ, ಮೊದಲು ಚಿಕ್ಕದು, ಆಮೇಲೆ ಉದ್ದದ್ದು. ರೇಸಿಗೆ ಎರಡು ಮೂರು ವಾರ ಮೊದಲು ಒಂದು ದೊಡ್ಡ ಇಳಿತ ಓಡಿ, ಆಮೇಲೆ ಕಾಲಿಗೆ ವಿಶ್ರಾಂತಿ ಕೊಡಿ. ರೇಸಿನ ವಾರ ಮಾತ್ರ ಬೇಡವೇ ಬೇಡ.

ಈಗ ಭಯ. ಭಯ ಆದಾಗ ಎಲ್ಲರೂ ಮಾಡುವುದು ಒಂದೇ, ಹಿಂದಕ್ಕೆ ವಾಲುತ್ತೇವೆ. ವಾಲಿದ ತಕ್ಷಣ ಭಾರವೆಲ್ಲ ಹಿಮ್ಮಡಿಗೆ ಹೋಗುತ್ತದೆ, ಹಿಮ್ಮಡಿ ಜಾರುತ್ತದೆ, ಕುಂಡೆ ನೆಲಕ್ಕೆ. ಮೈಯನ್ನು ಪಾದದ ಮೇಲೆಯೇ ಇಟ್ಟುಕೊಳ್ಳಿ, ಮಂಡಿ ಸ್ವಲ್ಪ ಬಾಗಿರಲಿ, ಕೈಗಳು ಪಕ್ಕಕ್ಕೆ ಸಡಿಲವಾಗಿ ತೆರೆದಿರಲಿ. ನೋಡುವವರಿಗೆ ಹೇಗೆ ಕಂಡರೂ ಚಿಂತೆ ಇಲ್ಲ, ಸಮತೋಲ ಇರುವುದೇ ಆ ಕೈಗಳಲ್ಲಿ. ಹೆಜ್ಜೆ ಚಿಕ್ಕದು, ಬೇಗ ಬೇಗ. ಉದ್ದ ಹೆಜ್ಜೆ ಹಾಕಿದರೆ ಪಾದ ಮುಂದೆ ಹೋಗಿ ಬೀಳುತ್ತದೆ, ಪ್ರತಿ ಸಲ ಮಂಡಿಗೆ ಹೊಡೆತ. ಚಿಕ್ಕ ಹೆಜ್ಜೆಯ ಇನ್ನೊಂದು ಲಾಭ, ಒಂದು ಕಲ್ಲು ಅಲುಗಾಡಿದರೂ ಅದರ ಮೇಲೆ ಪೂರ್ತಿ ಭಾರ ಬೀಳುವಷ್ಟರಲ್ಲಿ ನೀವು ಮುಂದಿನ ಕಲ್ಲಿನ ಮೇಲೆ ಇರುತ್ತೀರಿ.

ಕಣ್ಣು ಕಾಲಬುಡದಲ್ಲಿ ಇರಬಾರದು. ಮೂರು ನಾಲ್ಕು ಹೆಜ್ಜೆ ಮುಂದೆ ಇರಬೇಕು. ಈಗ ಇಡುವ ಹೆಜ್ಜೆಯ ಜಾಗವನ್ನು ಕಣ್ಣು ಆಗಲೇ ಆರಿಸಿ ಆಗಿರುತ್ತದೆ, ಕಾಲು ಅದನ್ನು ನಂಬಿ ಹೋಗುತ್ತದೆ. ಸುತ್ತ ನೋಡಬೇಕು ಅನಿಸಿದರೆ ನಿಂತು ನೋಡಿ. ಓಡುತ್ತಾ ದೃಶ್ಯ ನೋಡಲು ಹೋದವರಿಗೇ ಕಾಲು ಉಳುಕುವುದು ಜಾಸ್ತಿ.

ನೆಲವನ್ನು ಓದುವುದೇ ಇದರಲ್ಲಿ ದೊಡ್ಡ ವಿದ್ಯೆ, ನನಗೆ ತುಂಬಾ ಇಷ್ಟವಾದದ್ದೂ ಅದೇ. ಒದ್ದೆಯಾದ ಮರದ ಬೇರು ಅಡ್ಡ ಬಂದರೆ ಅದರ ಮೇಲೆ ಕಾಲಿಡಬೇಡಿ, ದಾಟಿ ಹೋಗಿ. ಓರೆಯಾಗಿ ಬಿದ್ದ ಒದ್ದೆ ಬೇರಿನಷ್ಟು ಜಾರುವ ವಸ್ತು ಬೆಟ್ಟದಲ್ಲಿ ಇನ್ನೊಂದಿಲ್ಲ. ಒಣ ಎಲೆ ದಪ್ಪಗೆ ಬಿದ್ದಿದ್ದರೆ ಕೆಳಗೆ ಗುಂಡಿ ಇದೆಯೋ ಕಲ್ಲು ಇದೆಯೋ ಗೊತ್ತಾಗುವುದಿಲ್ಲ, ಅಲ್ಲಿ ನಿಧಾನ. ಗಟ್ಟಿ ಬಂಡೆಯ ಮೇಲೆ ಹರಳು ಹರಡಿದ್ದರೆ ಅದು ನೆಲಕ್ಕೆ ಗೋಲಿ ಚೆಲ್ಲಿದ ಹಾಗೆ, ಸಾಧ್ಯವಾದರೆ ಹರಳಿಲ್ಲದ ಬದಿಯಲ್ಲಿ ಹೋಗಿ. ಅದೇ ಹರಳು ಆಳವಾಗಿ, ಪಾದ ಮುಳುಗುವಷ್ಟು ಇದ್ದರೆ ಹೆದರಬೇಕಾಗಿಲ್ಲ. ಕಾಲು ಒಂದು ಗೇಣು ಜಾರಿ ತಾನೇ ನಿಲ್ಲುತ್ತದೆ, ಆ ಜಾರುವಿಕೆಯನ್ನು ತಡೆಯದೆ ಅದರ ಜೊತೆಗೇ ಹೋಗುವುದು ಕಲಿತರೆ ಮಂಡಿಗೆ ಅಷ್ಟು ಮೆತ್ತಗಿನ ಇಳಿತ ಬೇರೆ ಇಲ್ಲ. ಪಾಚಿ ಕಟ್ಟಿದ ಕಲ್ಲು ಕಂಡರೆ ಮಾತ್ರ ಯಾವ ಪ್ರಯೋಗವೂ ಬೇಡ, ಪಕ್ಕದ ಮಣ್ಣಿಗೆ ಇಳಿಯಿರಿ.

ಅಭ್ಯಾಸ ಮಾಡುವಾಗ ಒಂದೇ ಇಳಿಜಾರನ್ನು, ನೂರು ಇನ್ನೂರು ಮೀಟರ್ ಸಾಕು, ಮತ್ತೆ ಮತ್ತೆ ಇಳಿಯಿರಿ. ಮೊದಲು ನಡೆದು, ಆಮೇಲೆ ನಿಧಾನಕ್ಕೆ ಓಡಿ, ಆಮೇಲೆ ಸ್ವಲ್ಪ ಬಿಟ್ಟು. ಪ್ರತಿ ಕಲ್ಲೂ ಪರಿಚಯವಾಗಿಬಿಡುತ್ತದೆ. ಅಲ್ಲಿ ಕಲಿತದ್ದನ್ನು ಕಾಲು ಬೇರೆ ದಾರಿಗೂ ತೆಗೆದುಕೊಂಡು ಹೋಗುತ್ತದೆ. ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸವನ್ನೂ ದಿನಾ ಮಾಡಿ, ಪಾದದ ಗಂಟಿಗೆ ಅದಕ್ಕಿಂತ ಒಳ್ಳೆಯ ವಿಮೆ ಇಲ್ಲ.

---

ಹೊಸಹೆಜ್ಜೆ:

ಇಬ್ಬರಿಗೂ ತುಂಬಾ ಧನ್ಯವಾದ. 48 ಅನ್ನುವ ಸಂಖ್ಯೆ ನೋಡಿ ಒಮ್ಮೆ ಎದೆ ಧಸಕ್ ಅಂದಿತು, ಆದರೆ ಈಗ ನನ್ನ ಏರಿನ ಪೇಸ್ ಯಾಕೆ ಹಾಗಿದೆ ಅಂತ ಅರ್ಥವಾಯಿತು. ಶೂ ಬದಲಿಸಲೇಬೇಕಾ? ರಸ್ತೆ ಶೂ ಇನ್ನೂ ಚೆನ್ನಾಗಿದೆ. ಮತ್ತೆ ಪೋಲ್, ಅಂದರೆ ಕೈಯಲ್ಲಿ ಊರಿಕೊಂಡು ಹೋಗುವ ಕೋಲು, ಬೇಕಾ?

---

ಕಲ್ಲುಹಾದಿ:

ಒಣಗಿದ ಮಣ್ಣುರಸ್ತೆ ಆದರೆ ರಸ್ತೆ ಶೂ ನಡೆಯುತ್ತದೆ. ನೀವು ಹೇಳುವ ಇಳಿತಕ್ಕೆ ಆಗುವುದಿಲ್ಲ. ಅಡಿಯಲ್ಲಿ 4ರಿಂದ 5 ಮಿಲಿಮೀಟರಿನ ಹಲ್ಲು ಇರುವ ಟ್ರೇಲ್ ಶೂ ತೆಗೆದುಕೊಳ್ಳಿ, ಕೆಸರು ಜಾಸ್ತಿ ಇದ್ದರೆ ಇನ್ನೂ ಆಳದ ಹಲ್ಲು ಬೇಕು. ನಿಮಗಿರುವ ಭಯದಲ್ಲಿ ಅರ್ಧ ಶೂವಿನದೇ ಇರಬಹುದು. ಕಾಲು ಜಾರುವುದಿಲ್ಲ ಅಂತ ಒಮ್ಮೆ ಗೊತ್ತಾದರೆ ಮೈ ತಾನಾಗಿ ಸಡಿಲವಾಗುತ್ತದೆ.

---

ಮಂಜುಗಾಳಿ:

ಸಾಮಾನಿನ ಪಟ್ಟಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ.

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ರೇಸ್ ನಡೆಯಿತು. 172 ಜನ ಓಡಿದರು. ಹೊರಟದ್ದು ಬೆಳಿಗ್ಗೆ, ತುಂಬಾ ಜನ ಚಡ್ಡಿ, ತೆಳು ಟೀ ಶರ್ಟಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಎತ್ತರದ ಭಾಗದಲ್ಲಿ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಒಟ್ಟಿಗೇ ಬಂತು. 21 ಜನ ತೀರಿಕೊಂಡರು. ಅವರಲ್ಲಿ ಆ ದೇಶದ ಅತ್ಯುತ್ತಮ ಅಲ್ಟ್ರಾ (ಮ್ಯಾರಥಾನಿಗಿಂತ ಉದ್ದದ ಓಟ) ಓಟಗಾರರೂ ಇದ್ದರು. ಗಾಳಿ ತಡೆಯುವ ಜಾಕೆಟ್ ಆ ರೇಸಿನಲ್ಲಿ ಕಡ್ಡಾಯ ಆಗಿರಲಿಲ್ಲ. ಕುರಿ ಕಾಯುವ ಒಬ್ಬರು ಆರು ಜನರನ್ನು ಗುಹೆಯೊಳಗೆ ಕರೆದೊಯ್ದು ಬೆಂಕಿ ಹಾಕಿ ಉಳಿಸಿದರು. ತೀರಿಕೊಂಡವರೇನೂ ಹಿಮಶಿಖರ ಏರಲು ಹೋದವರಲ್ಲ, ನಮ್ಮ ಹಾಗೇ ಓಡಲು ಬಂದವರು.

ಯಾಕೆ ಹೀಗಾಗುತ್ತದೆ ಅಂದರೆ, ಪ್ರತಿ 1,000 ಮೀಟರ್ ಮೇಲೇರಿದಂತೆ ಗಾಳಿಯ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕೆಳಗೆ 20 ಡಿಗ್ರಿ ಇದ್ದರೆ 1,200 ಮೀಟರ್ ಮೇಲೆ 12ರ ಸುತ್ತಮುತ್ತ. ಅದೇನು ಮಹಾ ಅನಿಸಬಹುದು. ಬೆವರಿನಲ್ಲಿ ಒದ್ದೆಯಾದ ಬಟ್ಟೆ, ಮೇಲಿನಿಂದ ಮಳೆ, ಬೋಳು ದಿಬ್ಬದ ಮೇಲೆ ಗಾಳಿ, ಇದನ್ನೆಲ್ಲ ಸೇರಿಸಿ ನೋಡಿ. ಓಡುತ್ತಿರುವಷ್ಟು ಹೊತ್ತು ಮೈ ಬಿಸಿ ಇರುತ್ತದೆ. ಕಾಲು ಉಳುಕಿ ಕೂತಿರಿ ಅನ್ನಿ, ಹತ್ತು ನಿಮಿಷದಲ್ಲಿ ನಡುಕ ಶುರು. ಸ್ವಲ್ಪ ಹೊತ್ತಿಗೆ ಬೆರಳು ಮರಗಟ್ಟಿ ಬ್ಯಾಗಿನ ಜಿಪ್ ಎಳೆಯಲು ಬರುವುದಿಲ್ಲ. ಮಾತು ತೊದಲುತ್ತದೆ, ತಲೆ ಮಂಕಾಗುತ್ತದೆ. ಆ ಹಂತದಲ್ಲಿ ಜಾಕೆಟ್ ಹಾಕಿಕೊಳ್ಳಬೇಕು ಅಂತಲೇ ಹೊಳೆಯುವುದಿಲ್ಲ. ಹಾಗಾಗಿ ದಿಬ್ಬದ ಮೇಲಕ್ಕೆ ಬರುವ ಮೊದಲೇ, ಮರಗಳ ಮರೆಯಲ್ಲಿ ಇರುವಾಗಲೇ ಜಾಕೆಟ್ ಹಾಕಿ. ಅದು ಬ್ಯಾಗಿನ ಮೇಲ್ಭಾಗದಲ್ಲಿ, ಕೈಗೆ ಸಿಗುವ ಹಾಗೆ ಇರಲಿ.

ಬ್ಲ್ಯಾಂಕೆಟ್ ಮಡಚಿದರೆ ಅಂಗೈಯಷ್ಟು, ತೂಕವೂ ಇಲ್ಲ. ಸೀಟಿ ಯಾಕೆ ಅಂದರೆ ಕೂಗು ಗಾಳಿಯಲ್ಲಿ ಕೇಳುವುದಿಲ್ಲ, ಗಂಟಲು ಬೇಗ ಸೋಲುತ್ತದೆ. ಬೆಟ್ಟದಲ್ಲಿ ಸಹಾಯ ಕೇಳುವ ಸಂಕೇತ ಒಂದು ನಿಮಿಷದಲ್ಲಿ ಆರು ಸಲ ಊದುವುದು, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ. ಹೆಡ್ ಲ್ಯಾಂಪ್ ಮಧ್ಯಾಹ್ನದ ಲೆಕ್ಕಕ್ಕೆ ಅಲ್ಲ, ಯಾರಿಗಾದರೂ ಕಾಲು ಮುರಿದು ನೀವು ಅವರ ಜೊತೆ ಸಂಜೆವರೆಗೆ ಕೂರಬೇಕಾದ ದಿನಕ್ಕೆ. ಬಿದ್ದವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ ಅಂತ ಒಳ್ಳೆಯ ರೇಸುಗಳ ನಿಯಮದಲ್ಲೇ ಇರುತ್ತದೆ. ನಿಯಮ ಇಲ್ಲದಿದ್ದರೂ ಹೋಗಬಾರದು.

ಗುಡುಗು ಕೇಳಿಸಿದರೆ ದಿಬ್ಬದ ತುದಿಯಿಂದ ಇಳಿದುಬಿಡಿ. ರೇಸಿನ ಸಮಯ ಹೋದರೆ ಹೋಗಲಿ.

---

ನಿಧಾನವೇಪ್ರಧಾನ:

ಪೋಲ್ ಬಗ್ಗೆ. ನಿಮ್ಮ ರೇಸಿಗೆ ಬೇಕೇ ಬೇಕು ಅಂತಿಲ್ಲ. ಉದ್ದ ಏರು ಇದ್ದರೆ ಭಾರದಲ್ಲಿ ಸ್ವಲ್ಪ ಪಾಲು ಕೈಗೂ ಹೋಗುತ್ತದೆ, ತೊಡೆ ಉಳಿಯುತ್ತದೆ. ಆದರೆ ಅಭ್ಯಾಸ ಇಲ್ಲದೆ ರೇಸಿನ ದಿನ ಮೊದಲ ಸಲ ಹಿಡಿದರೆ ನಿಮ್ಮ ಕಾಲಿಗೂ ತೊಡಕು, ಹಿಂದಿನವರಿಗೂ ತೊಂದರೆ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ ಥರದ ಕೆಲವು ರೇಸುಗಳಲ್ಲಿ ಪೋಲ್ ಬಿಡುವುದೇ ಇಲ್ಲ, ಹಾಗಾಗಿ ಮೊದಲು ನಿಯಮ ಓದಿ. ಮೂರು ತಿಂಗಳಲ್ಲಿ ಕಲಿಯುವುದು ಬೇರೆ ಸಾಕಷ್ಟಿದೆ, ಈ ಸಲ ಕೈಯೇ ಪೋಲ್ ಅಂದುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಊಟದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡು ಗಂಟೆಯ ಓಟವನ್ನು ಬರೀ ನೀರಲ್ಲಿ ಓಡಿಬಿಡಬಹುದು, ಆರೇಳು ಗಂಟೆ ಆಗುವುದಿಲ್ಲ. ಗಂಟೆಗೆ 60 ಗ್ರಾಂ ಸುಮಾರು ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಓಟಗಾರರ ಸಿಹಿ ಜೆಲ್ ಆಗಲಿ, ಬಾಳೆಹಣ್ಣಾಗಲಿ, ನಿಮ್ಮ ಹೊಟ್ಟೆಗೆ ಒಗ್ಗುವುದು. ಮೊದಲ ಅರ್ಧ ಗಂಟೆಯಿಂದಲೇ ಶುರು ಮಾಡಿ. ಹಸಿವಾಗಲಿ ಅಂತ ಕಾದರೆ ಆಮೇಲೆ ಹೊಟ್ಟೆ ಏನನ್ನೂ ಒಪ್ಪುವುದಿಲ್ಲ. ಅಭ್ಯಾಸದ ದಿನಗಳಲ್ಲೇ ಓಡುತ್ತಾ ತಿನ್ನುವುದನ್ನೂ ಅಭ್ಯಾಸ ಮಾಡಿ, ಹೊಟ್ಟೆಯೂ ಕಲಿಯುತ್ತದೆ.

ನೀರನ್ನು ಬಾಯಾರಿಕೆ ನೋಡಿಕೊಂಡು ಕುಡಿಯಿರಿ. ಜಾಸ್ತಿ ಕುಡಿದರೆ ಒಳ್ಳೆಯದು ಅನ್ನುವುದು ತಪ್ಪು. ಬೆವರಿದ್ದಕ್ಕಿಂತ ಜಾಸ್ತಿ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದುಹೋಗುತ್ತದೆ. ತಲೆನೋವು, ವಾಂತಿ, ಗೊಂದಲ, ವಿಪರೀತವಾದರೆ ಜೀವಕ್ಕೇ ಅಪಾಯ. ಓಡುತ್ತಾ ತೂಕ ಹೆಚ್ಚಾಗುತ್ತಿದೆ, ಬೆರಳು ಊದುತ್ತಿದೆ ಅಂದರೆ ನೀರು ನಿಲ್ಲಿಸಿ, ಅಲ್ಲಿರುವ ವೈದ್ಯರಿಗೆ ತೋರಿಸಿ.

ಏರುದಾರಿ ಅವರ ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಹೊಸಬರಿಗೆ ವಾಚಿನಲ್ಲಿ ಎದೆಬಡಿತ ಕಾಣಿಸಬೇಕು. ರೇಸಿನ ಉತ್ಸಾಹದಲ್ಲಿ ಮೊದಲ ಏರಿನಲ್ಲೇ ಎಲ್ಲರೂ ಜಾಸ್ತಿ ಓಡಿಬಿಡುತ್ತಾರೆ, ಆ ಸಂಖ್ಯೆ ಇದ್ದರೆ ತಡೆಯುತ್ತದೆ.

---

ಏರುದಾರಿ:

ಮೊದಲ ಏರಿನಲ್ಲಿ ಜನ ಹದ ತಪ್ಪುವುದು ನಿಜ. ಆದರೆ ಮಣಿಕಟ್ಟಿನ ವಾಚು ಪೋಲ್ ಹಿಡಿದಾಗ, ಚಳಿಯಾದಾಗ ಎದೆಬಡಿತವನ್ನು ತಪ್ಪು ತಪ್ಪಾಗಿ ತೋರಿಸುತ್ತದೆ. ಎದೆಗೆ ಕಟ್ಟುವ ಪಟ್ಟಿ ಇದ್ದರೆ ಸರಿ. ಇಲ್ಲವಾದರೆ ಮಾತಾಡಿ ನೋಡುವ ಪರೀಕ್ಷೆಯೇ ಉತ್ತಮ.

---

ಹುಲ್ಲುಗಾವಲು:

ಏನು ಸಿಗುತ್ತದೆ ಅಂತ ಕೇಳಿದ್ದೀರಿ. ಆ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದವಾಗಬಹುದು.

ರಸ್ತೆ ಓಟದಲ್ಲಿ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ವ್ಯತ್ಯಾಸ ಇಲ್ಲ. ತಲೆ ಬೇರೆಲ್ಲೋ ಇರುತ್ತದೆ, ಆಫೀಸು, ಸಾಲ, ಯಾರೋ ಆಡಿದ ಮಾತು. ಕಲ್ಲಿನ ಇಳಿಜಾರಿನಲ್ಲಿ ಹಾಗೆ ಸಾಧ್ಯವೇ ಇಲ್ಲ. ಮುಂದಿನ ಹೆಜ್ಜೆ ಎಲ್ಲಿ, ಅದರ ಮುಂದಿನದು ಎಲ್ಲಿ, ಅಷ್ಟೇ ಯೋಚನೆ. ಅರ್ಧ ಗಂಟೆ ಇಳಿದು ಸಮತಟ್ಟಿಗೆ ಬಂದಾಗ ಅಷ್ಟು ಹೊತ್ತೂ ಬೇರೆ ಒಂದೇ ಒಂದು ಯೋಚನೆ ಬಂದಿರಲಿಲ್ಲ ಅಂತ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಬೆಟ್ಟದ ಓಟದ ಅತಿ ದೊಡ್ಡ ಸುಖ ಅದು. ಧ್ಯಾನ ಅಂತೆಲ್ಲ ದೊಡ್ಡ ಮಾತು ಬೇಡ, ತಲೆಗೆ ಒಂದು ಪೂರ್ತಿ ರಜೆ.

ಎರಡನೆಯದು, ಎತ್ತರ ಏರುತ್ತಾ ಹೋದ ಹಾಗೆ ಕಾಡು ಬದಲಾಗುವುದು. ಕೆಳಗೆ ದಟ್ಟ ಮರ, ಮಣ್ಣಿನ ವಾಸನೆ. ಆಮೇಲೆ ಮರಗಳು ಗಿಡ್ಡವಾಗುತ್ತವೆ, ಕೊಂಬೆಗಳೆಲ್ಲ ಗಾಳಿ ಬೀಸುವ ಕಡೆಗೆ ಬಾಗಿರುತ್ತವೆ, ಕಲ್ಲಿನ ಮೇಲೆ ಬೂದು ಹಸಿರಿನ ಕಲ್ಲುಹೂವು ಕಾಣಿಸುತ್ತದೆ. ಒಂದು ತಿರುವು ದಾಟಿದರೆ ಮರಗಳೇ ಇಲ್ಲ, ಬರೀ ಹುಲ್ಲು ಮತ್ತು ಆಕಾಶ. ಎರಡು ಗಂಟೆಯೊಳಗೆ ಇಷ್ಟೆಲ್ಲ ಲೋಕಗಳನ್ನು ಸ್ವಂತ ಕಾಲಿನ ಮೇಲೆ ದಾಟುವುದು ಬೇರೆ ಯಾವ ಆಟದಲ್ಲಿ ಸಿಗುತ್ತದೆ ಹೇಳಿ?

ಮೂರನೆಯದು ಜನ. ಇಂಗ್ಲೆಂಡಿನ ಕೆಸ್ವಿಕ್ ಊರಿನಲ್ಲಿ ಗೆಸ್ಟ್ ಹೌಸ್ ನಡೆಸುತ್ತಿದ್ದ ಬಾಬ್ ಗ್ರಹಾಂ 1932ರಲ್ಲಿ 24 ಗಂಟೆಯೊಳಗೆ 42 ಶಿಖರ ಸುತ್ತಿ ಬಂದರು. ಆ ಸುತ್ತನ್ನು ಇವತ್ತಿಗೂ ಜನ ಓಡುತ್ತಾರೆ. 1982ರಲ್ಲಿ ಬಿಲ್ಲಿ ಬ್ಲ್ಯಾಂಡ್ ಅದನ್ನು 13 ಗಂಟೆ 53 ನಿಮಿಷದಲ್ಲಿ ಮುಗಿಸಿದರು. ಆ ದಾಖಲೆ 36 ವರ್ಷ ಹಾಗೇ ಉಳಿಯಿತು. 2018ರಲ್ಲಿ ಜೋರ್ನೆಟ್ 12 ಗಂಟೆ 52 ನಿಮಿಷದಲ್ಲಿ ಅದನ್ನು ಮುರಿದಾಗ ಸ್ಥಳೀಯ ಓಟಗಾರರೇ ಸರದಿಯಂತೆ ಜೊತೆಗೆ ಓಡಿ ದಾರಿ ತೋರಿಸಿದ್ದರು, ಕೊನೆಯಲ್ಲಿ ಬ್ಲ್ಯಾಂಡ್ ಅವರೇ ಬಂದು ಕೈ ಕುಲುಕಿದರು. ಇಂಥದ್ದು ಈ ಓಟದಲ್ಲಿ ಅಪರೂಪ ಅಲ್ಲ. ನೀವೇ ನೋಡುತ್ತೀರಿ, ಹಿಂದಿನಿಂದ ಬಂದವರು ದಾಟಿ ಹೋಗುವಾಗ ಹುಷಾರಾಗಿದ್ದೀರಾ ಅಂತ ಕೇಳಿಯೇ ಹೋಗುತ್ತಾರೆ.

ಕೊನೆಯಲ್ಲಿ ಬರುವವರಿಗೂ ಇಲ್ಲಿ ಮರ್ಯಾದೆ ಇದೆ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ರೇಸಿನ ಕಟ್ ಆಫ್ 30 ಗಂಟೆ. ಆ ಕೊನೆಯ ಒಂದು ಗಂಟೆಗೆ ಮೈದಾನದಲ್ಲಿ ಜನ ಸೇರುವುದು ನೋಡಬೇಕು. 2015ರಲ್ಲಿ 70 ವರ್ಷದ ಗನ್‌ಹಿಲ್ಡ್ ಸ್ವಾನ್‌ಸನ್ 29 ಗಂಟೆ 59 ನಿಮಿಷ 54 ಸೆಕೆಂಡಿಗೆ ಗೆರೆ ಮುಟ್ಟಿದರು. ಉಳಿದಿದ್ದು 6 ಸೆಕೆಂಡ್. ಅವತ್ತು ಗೆದ್ದವರ ಹೆಸರು ಎಷ್ಟು ಜನರಿಗೆ ನೆನಪಿದೆಯೋ ಗೊತ್ತಿಲ್ಲ, ಅವರ ಹೆಸರಂತೂ ಎಲ್ಲರಿಗೂ ನೆನಪಿದೆ. 2024ರಲ್ಲಿ ಜಾಸ್ಮಿನ್ ಪ್ಯಾರಿಸ್ ಅಮೆರಿಕದ ಬಾರ್ಕ್ಲಿ ಅನ್ನುವ ಅತಿ ಕಷ್ಟದ ರೇಸ್ ಮುಗಿಸಿದ ಮೊದಲ ಮಹಿಳೆ ಆದರಲ್ಲ, 60 ಗಂಟೆಯ ಮಿತಿಯಲ್ಲಿ ಅವರಿಗೆ ಉಳಿದಿದ್ದು 99 ಸೆಕೆಂಡ್. ವಿಡಿಯೋ ಸಿಕ್ಕರೆ ನೋಡಿ, ನನಗೆ ಈಗಲೂ ಕಣ್ಣು ತುಂಬುತ್ತದೆ.

---

ಹೊಸಹೆಜ್ಜೆ:

ಓದಿ ಮೈ ಜುಮ್ ಅಂದಿತು. ಜಾಕೆಟ್ ಇವತ್ತೇ ಬ್ಯಾಗಿಗೆ ಹಾಕಿದೆ, ಅದರ ಬಗ್ಗೆ ಇನ್ನು ವಾದ ಇಲ್ಲ.

ಇನ್ನು ಎರಡೇ ಪ್ರಶ್ನೆ. ಮಧ್ಯದಲ್ಲಿ ಆಗುವುದೇ ಇಲ್ಲ ಅನಿಸಿದರೆ ನಿಲ್ಲಿಸುವುದು ಯಾವಾಗ, ಮುಂದುವರಿಯುವುದು ಯಾವಾಗ? ಮತ್ತೆ ಇಳಿಯುವಾಗ ಕಾಲ್ಬೆರಳು ಶೂವಿನ ತುದಿಗೆ ಬಡಿದು ಉಗುರು ಕಪ್ಪಾಗುತ್ತಿದೆ. ಏನು ಮಾಡುವುದು?

---

ಮಂಜುಗಾಳಿ:

ಸುಸ್ತು, ಬೇಸರ, ವಾಕರಿಕೆ, ತೊಡೆನೋವು ಇವು ಬರುತ್ತವೆ, ಹೋಗುತ್ತವೆ. ದಾರಿಯಲ್ಲಿ ನೀರು, ತಿಂಡಿ ಕೊಡುವ ಏಡ್ ಸ್ಟೇಷನ್ನಿನಲ್ಲಿ ಹತ್ತು ನಿಮಿಷ ಕೂತು, ಏನಾದರೂ ತಿಂದು, ಆಮೇಲೆ ತೀರ್ಮಾನ ಮಾಡಿ. ಏರಿನ ಮಧ್ಯೆ ನಿಂತು ತೀರ್ಮಾನ ಮಾಡಬೇಡಿ. ಆದರೆ ಕುಂಟುತ್ತಾ ಹೆಜ್ಜೆಯ ರೀತಿಯೇ ಬದಲಾಗಿದ್ದರೆ, ನಡುಕ ನಿಲ್ಲದಿದ್ದರೆ, ತಲೆ ಗೊಂದಲವಾಗಿದ್ದರೆ, ಎದೆ ನೋವಿದ್ದರೆ ಅಲ್ಲಿಗೆ ಸಾಕು. ಅಮೆರಿಕದ ಓಟಗಾರ್ತಿ ಕೋರ್ಟ್ನಿ ಡೌವಾಲ್ಟರ್ 2012ರಲ್ಲಿ ಮೊದಲ 100 ಮೈಲಿ ರೇಸನ್ನು ಅರ್ಧಕ್ಕೇ ಬಿಟ್ಟವರು. 2023ರಲ್ಲಿ ವೆಸ್ಟರ್ನ್ ಸ್ಟೇಟ್ಸ್, ಹಾರ್ಡ್‌ರಾಕ್, ಯುಟಿಎಂಬಿ ಮೂರನ್ನೂ ಒಂದೇ ಬೇಸಿಗೆಯಲ್ಲಿ ಮಹಿಳೆಯರಲ್ಲಿ ಮೊದಲಿಗರಾಗಿ ಗೆದ್ದರು. ಯುಟಿಎಂಬಿಗೆ ಅರ್ಹತೆ ಗಳಿಸಿ ಬಂದವರಲ್ಲೇ ಎಷ್ಟೋ ಜನ ಪ್ರತಿ ವರ್ಷ ಮುಗಿಸದೆ ವಾಪಸ್ ಹೋಗುತ್ತಾರೆ.

ನಿಲ್ಲಿಸಿದರೆ ಮಾತ್ರ ಯಾರಿಗೂ ಹೇಳದೆ ಮನೆಗೆ ಹೋಗಬೇಡಿ. ಬಿಬ್ (ಬಟ್ಟೆಗೆ ಸಿಕ್ಕಿಸಿದ ನಂಬರ್ ಚೀಟಿ) ತೋರಿಸಿ ಆಯೋಜಕರಿಗೆ ತಿಳಿಸಿ. ಇಲ್ಲದಿದ್ದರೆ ರಾತ್ರಿಯೆಲ್ಲ ಜನ ನಿಮ್ಮನ್ನು ಬೆಟ್ಟದಲ್ಲಿ ಹುಡುಕುತ್ತಿರುತ್ತಾರೆ.

---

ಕಲ್ಲುಹಾದಿ:

ಉಗುರಿಗೆ: ಶೂ ಅರ್ಧ ಸೈಜ್ ದೊಡ್ಡದು ತೆಗೆದುಕೊಳ್ಳಿ, ಉದ್ದ ಓಟದಲ್ಲಿ ಪಾದ ಊದುತ್ತದೆ. ಸಂಜೆ ಹೊತ್ತು, ಓಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಬೇಕು. ರೇಸಿಗೆ ಎರಡು ಮೂರು ದಿನ ಮೊದಲೇ ಉಗುರು ಕತ್ತರಿಸಿ, ಹಿಂದಿನ ರಾತ್ರಿ ಬೇಡ.

ಮುಖ್ಯವಾದದ್ದು ಲೇಸ್. ಶೂವಿನ ಮೇಲ್ತುದಿಯಲ್ಲಿ, ಪಾದದ ಗಂಟಿನ ಹತ್ತಿರ, ಸಾಮಾನ್ಯವಾಗಿ ಖಾಲಿ ಬಿಡುವ ಒಂದು ತೂತು ಹೆಚ್ಚುವರಿ ಇರುತ್ತದೆ ನೋಡಿ. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಎರಡೂ ಕಡೆ ಚಿಕ್ಕ ಕುಣಿಕೆ ಮಾಡಿ. ಆಮೇಲೆ ಎಡ ಲೇಸಿನ ತುದಿಯನ್ನು ಬಲ ಕುಣಿಕೆಯಲ್ಲಿ, ಬಲದ್ದನ್ನು ಎಡ ಕುಣಿಕೆಯಲ್ಲಿ ತೂರಿಸಿ, ಕೆಳಮುಖವಾಗಿ ಎಳೆದು ಬಿಗಿ ಮಾಡಿ, ಮಾಮೂಲಿ ಗಂಟು ಹಾಕಿ. ಹಿಮ್ಮಡಿ ಹಿಂದಕ್ಕೆ ಕಚ್ಚಿಕೊಂಡು ಕೂರುತ್ತದೆ, ಪಾದ ಮುಂದಕ್ಕೆ ಜಾರುವುದಿಲ್ಲ. ಬೆರಳಿನ ಭಾಗದಲ್ಲಿ ಲೇಸ್ ಸಡಿಲ ಇರಲಿ. ದೊಡ್ಡ ಇಳಿತ ಶುರುವಾಗುವ ಮೊದಲು ಒಂದು ನಿಮಿಷ ನಿಂತು ಹೀಗೆ ಮತ್ತೆ ಬಿಗಿ ಮಾಡಿಕೊಳ್ಳಿ. ಈ ವಾರದ ಅಭ್ಯಾಸದಲ್ಲೇ ಮಾಡಿ ನೋಡಿ, ಹೇಗಾಯಿತು ಅಂತ ಇಲ್ಲೇ ಬರೆಯಿರಿ.